ನಮ್ಮ ನಾಡಿನ ಇರುಳೂ ಎಳೆಯರ ನಿದ್ರೆಯೂ

ಹದಿನೈದು ವರ್ಷದ ಮಗನು ರಾತ್ರಿ ಮಲಗೆಂದರೆ ಮಲಗುವುದಿಲ್ಲ, ಬೆಳಗ್ಗೆ ಏಳೆಂದರೆ ಏಳುವುದಿಲ್ಲ ಎಂಬ ದೂರು ಇಂದು ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಯಾವ ಮನೆಯಲ್ಲಿಯೂ ಕೇಳಿಬರುವಂಥದೇ ಆಗಿದೆ. ಹಿರಿಯರಲ್ಲಿ ಕೆಲವರು ಇದನ್ನು ಸೋಮಾರಿತನವೆನ್ನುವರು. ಕೆಲವರು ಕಾಲದ ಕೇಡೆನ್ನುವರು. ಈ ಎರಡೂ ವಿಚಾರಣೆಗೆ ಮೊದಲೇ ಕೊಟ್ಟುಬಿಟ್ಟ ತೀರ್ಪುಗಳು. ನಮ್ಮ ಹಿರಿಯರು ಇರುಳನ್ನು ಹೇಗೆ ಕಳೆಯುತ್ತಿದ್ದರು, ಅವರ ಹಗಲು ಯಾವ ಗಂಟೆಯಿಂದ ಮೊದಲಾಗುತ್ತಿದ್ದಿತು, ಆ ಏರ್ಪಾಡು ಯಾವಾಗ ಯಾವ ಕಾರಣದಿಂದ ಬದಲಾಯಿತು ಎಂಬುದನ್ನು ನೋಡದೆ, ಎಳೆಯರ ಮೇಲೆ ತಪ್ಪು ಹೊರಿಸುವುದು ನ್ಯಾಯವಾಗಲಾರದು. ರಾಜರ, ಬಸದಿಗಳ, ದಾನಶಾಸನಗಳ ಚರಿತ್ರೆಯನ್ನು ಬರೆಯುವ ನಾವು ನಿದ್ರೆಗೂ ಒಂದು ಚರಿತ್ರೆ ಉಂಟೆಂಬುದನ್ನು ಮರೆತಿರುವೆವು.

ಮೊದಲು ಸಂಜೆಯಿಂದ ಪ್ರಾರಂಭಿಸೋಣ. ಮೂಡಬಿದಿರೆಯು ಜೈನಕಾಶಿಯೆಂದು ಹೆಸರಾದ ಊರು. ಅಲ್ಲಿಯ ಸಾವಿರ ಕಂಬದ ಬಸದಿ ೧೪೩೦ರಲ್ಲಿ ಕಟ್ಟಿದ್ದು. ಆ ಊರಿನ ಜೈನ ಮನೆತನಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟವನ್ನು ಮುಗಿಸುವ ನಿಯಮವು ತಲೆಮಾರುಗಳಿಂದ ನಡೆದುಬಂದಿರುವುದು ಸರ್ವವಿದಿತವೇ ಆಗಿದೆ. ಈ ವ್ರತದ ಉದ್ದೇಶ ಅಹಿಂಸೆ. ದೀಪಕ್ಕೂ ಅನ್ನಕ್ಕೂ ಬಂದು ಬೀಳುವ ಸೂಕ್ಷ್ಮಜೀವಿಗಳ ಹಾನಿಯನ್ನು ತಪ್ಪಿಸುವುದು. ಆದರೆ ಅದರಿಂದ ಇನ್ನೊಂದು ಫಲವೂ ತಾನಾಗಿ ದೊರೆಯುತ್ತಿದ್ದಿತು. ಅಡಿಗೆಮನೆಯ ಕೆಲಸ ಕತ್ತಲಾಗುವುದಕ್ಕೆ ಮೊದಲೇ ತೀರಿದ ಮೇಲೆ ಮನೆಮಂದಿಯೆಲ್ಲ ಬೇಗನೆ ಹಾಸಿಗೆಗೆ ಹೋಗುವುದು ಸಹಜವಾಗಿದ್ದಿತು. ಇತರ ಮನೆಗಳಲ್ಲಿಯೂ ಬೆಳಕು ಅಗ್ಗದ ವಸ್ತುವಾಗಿರಲಿಲ್ಲ. ತೆಂಗಿನ ಎಣ್ಣೆಯ ಇಲ್ಲವೆ ಹೊನ್ನೆ ಎಣ್ಣೆಯ ಹಣತೆಯನ್ನು ದೇವರ ಮುಂದೆ ಹಚ್ಚಿ, ಭಜನೆ ಮುಗಿದು ಊಟವಾದೊಡನೆ ಅದನ್ನು ಸಣ್ಣದು ಮಾಡುವರು. ಇರುಳು ದಾರಿ ನಡೆಯಬೇಕಾದವರಿಗೆ ಒಣಗಿದ ತೆಂಗಿನ ಗರಿಯ ಸೂಟೆಯೇ ದೀವಟಿಗೆ. ಸೀಮೆಎಣ್ಣೆಯ ಚಿಮಿಣಿಯೂ ಲಾಟೀನೂ ಬಂದ ಮೇಲೆಯೂ ಎಣ್ಣೆಯ ಬೆಲೆಯೇ ಮನೆಯ ನಿದ್ರೆಗೆ ಕಾವಲುಗಾರನಾಗಿದ್ದಿತು.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸುವುದು ಸತ್ಯಕ್ಕೆ ದೂರವಾಗುವುದು. ಘಟ್ಟದ ಬುಡದ ಬೆಳ್ತಂಗಡಿಯ ಸೀಮೆಯಲ್ಲಿ ಚಳಿಜ್ವರವು ಎಷ್ಟೋ ಮನೆಗಳ ನಿದ್ರೆಯನ್ನೂ ಪ್ರಾಣವನ್ನೂ ಕಸಿದುಕೊಂಡಿದ್ದಿತು. ಬೆಳೆದು ನಿಂತ ಗದ್ದೆಗೆ ಹಂದಿ ಬಾರದಂತೆ ಮಾಳದಲ್ಲಿ ಕುಳಿತು ರಾತ್ರಿ ಕಾಯುವ ಕೆಲಸ ಬಹಳ ಮಟ್ಟಿಗೆ ಹರೆಯದ ಹುಡುಗರದೇ. ತೋಟಕ್ಕೆ ಏತದಿಂದ ನೀರೆತ್ತುವವರು ಕೋಳಿ ಕೂಗುವ ಮೊದಲೇ ಏಳಬೇಕಾಗಿದ್ದಿತು. ಬಡವರ ಮನೆಯ ಹೆಣ್ಣುಮಕ್ಕಳ ನಿದ್ರೆಯ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಆ ಕಾಲದ ದಣಿವಿಗೂ ಈಗಿನ ದಣಿವಿಗೂ ಒಂದು ಭೇದವುಂಟು. ಅಂದು ನಿದ್ರೆ ಕೆಟ್ಟವನಿಗೆ ಮರುದಿನ ಹಗಲು ಒಂದು ಗಳಿಗೆ ಜಗಲಿಯ ಮೇಲೆ ಒರಗುವ ಅವಕಾಶವಿದ್ದಿತು. ಇಂದು ನಿದ್ರೆ ಕೆಟ್ಟವನು ಪಾಠದ ಬೆಂಚಿನ ಮೇಲೆ ಕಣ್ಣು ತೆರೆದೇ ಕುಳಿತಿರಬೇಕು.

ಇನ್ನು ಜಾಗರಣೆಯ ವಿಷಯ. ನಮ್ಮದು ಇರುಳಿಡೀ ಎಚ್ಚರಿರುವ ನಾಡೆಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಯಕ್ಷಗಾನದ ಆಟ, ಭೂತಗಳ ಕೋಲ ನೇಮಗಳು, ಕಾರಿಂಜದ ಬೆಟ್ಟದಲ್ಲಿಯೂ ಧರ್ಮಸ್ಥಳದಲ್ಲಿಯೂ ಶಿವರಾತ್ರಿ, ಕಾರ್ತಿಕದ ಲಕ್ಷದೀಪೋತ್ಸವ, ಇವೆಲ್ಲವೂ ಎಳೆಯರನ್ನು ಬೆಳಗಿನ ತನಕ ಎಚ್ಚರದಲ್ಲಿಟ್ಟವು. ಹಾಗಾದರೆ ಇಂದಿನ ಹುಡುಗರು ಮಾಡುವ ಹೊಸ ತಪ್ಪೇನು ಎಂದು ಕೇಳಬಹುದು. ಉತ್ತರ ನಮ್ಮ ಪಂಚಾಂಗದಲ್ಲಿಯೇ ಇದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ೨೪ರ ಸುಮಾರಿಗೆ, ಪತ್ತನಾಜೆ. ಆ ದಿನ ಮೇಳಗಳು ಗೆಜ್ಜೆ ಬಿಚ್ಚುವುವು. ಕೋಲ ನೇಮಗಳು ನಿಲ್ಲುವುವು. ದೀಪಾವಳಿ ಕಳೆಯುವ ತನಕ ಮಳೆಯ ಇರುಳುಗಳು ಮನೆಯೊಳಗಿನ ಇರುಳುಗಳು. ಕೊಯಿಲು ಮುಗಿದು ಕೆಲಸ ಸಡಿಲವಾದ ತಿಂಗಳುಗಳಲ್ಲಿ ಜಾಗರಣೆ, ಬೇಸಾಯದ ದುಡಿಮೆ ಬಿಗಿಯಾದ ತಿಂಗಳುಗಳಲ್ಲಿ ವಿಶ್ರಾಂತಿ ಎಂಬ ಹಂಚಿಕೆ ಇದು. ಊರಿಗೆ ಆಟ ಬರುವುದು ದಿನದಿನವೂ ಅಲ್ಲ. ಬಂದಾಗಲೂ ಮಕ್ಕಳು ಚಾಪೆ ಹಿಡಿದುಕೊಂಡು ಹೋಗಿ, ರಂಗಸ್ಥಳದ ಮುಂದೆಯೇ ಮಲಗಿ, ರಾಳದ ಬೆಂಕಿಯೊಡನೆ ಬಣ್ಣದ ವೇಷ ಅಬ್ಬರಿಸಿ ಬರುವಾಗ ಹಿರಿಯರು ಎಬ್ಬಿಸಿದರೆ ಎದ್ದು ನೋಡಿ, ಪುನಃ ಮಲಗುವರು. ಜಾಗರಣೆಗೆ ಮೇರೆಯಿದ್ದಿತು, ಮೇರೆಯಿದ್ದುದರಿಂದಲೇ ಅದು ಹಬ್ಬವಾಗಿದ್ದಿತು.

ಈ ಹಂಚಿಕೆಗೆ ಮೊದಲ ತೊಡಕು ಬಂದುದು ಶಾಲೆಯ ವರ್ಷದಿಂದ. ವರ್ಷದ ಕೊನೆಯ ಪರೀಕ್ಷೆಯನ್ನು ಮಾರ್ಚಿ, ಏಪ್ರಿಲುಗಳಲ್ಲಿ ಇಟ್ಟವರು ನಮ್ಮ ನಾಡಿನ ಆಟ, ಕೋಲ, ಜಾತ್ರೆಗಳ ಕಾಲವನ್ನು ಗಮನಿಸಿ ಇಟ್ಟವರಲ್ಲ. ಹೀಗಾಗಿ ಊರಿನ ಪಂಚಾಂಗವು ಎಚ್ಚರಿರು ಎನ್ನುವ ತಿಂಗಳುಗಳಲ್ಲಿಯೇ ಶಾಲೆಯ ಪಂಚಾಂಗವು ಓದು ಎನ್ನುವುದು. ಎರಡರ ನಡುವೆ ಸಿಕ್ಕಿದ ಹುಡುಗನು ಎರಡನ್ನೂ ನಿದ್ರೆಯಿಂದಲೇ ತೆತ್ತು ತೀರಿಸುವನು.

ಶಾಲೆಯ ಗಂಟೆಯ ಚರಿತ್ರೆಯೂ ವಿಚಾರಾರ್ಹವಾದುದು. ಮದರಾಸು ಗವರ್ನರ್ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದ ದೇಶೀ ಶಾಲೆಗಳ ವಿಚಾರಣೆಯನ್ನು ನಡೆಯಿಸಿದನು. ನಮ್ಮ ಕನ್ನಡ ಜಿಲ್ಲೆಯ ಕಲೆಕ್ಟರನು ಇಲ್ಲಿ ವಿದ್ಯೆ ಖಾಸಗಿಯಾಗಿ ನಡೆಯುವುದೆಂದು ಹೇಳಿ ಪಟ್ಟಿಯನ್ನೇ ತುಂಬಲಿಲ್ಲ. ಆದರೆ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ ೧೮೨೩ರಲ್ಲಿ ಬರೆದ ವರದಿ ವಿವರವಾಗಿದೆ. ಅಲ್ಲಿ ಐಗಳ ಶಾಲೆ ಬೆಳಗ್ಗೆ ಆರಕ್ಕೆ ಕೂಡುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು; ಎರಡನೆಯವನಿಗೆ ಒಂದು ಸೊನ್ನೆ; ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಬೇಗ ಏಳುವುದೇ ವಿದ್ಯೆಯ ಮೊದಲ ಮೆಟ್ಟಿಲೆಂಬ ಭಾವನೆ ಎಷ್ಟು ಆಳವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಒಂದನ್ನು ನೆನಪಿಡಬೇಕು. ಆ ಶಾಲೆಗಳಿಗೆ ಮಕ್ಕಳನ್ನು ಸೇರಿಸುತ್ತಿದ್ದುದು ಐದನೆಯ ವರ್ಷದಲ್ಲಿ. ಅಕ್ಷರ, ಲೆಕ್ಕ, ಕಾಗದ ಪತ್ರಗಳ ಓದು ಬಂದ ಮೇಲೆ ಹೆಚ್ಚಿನವರ ವಿದ್ಯಾಭ್ಯಾಸ ಹರೆಯ ಬರುವ ಹೊತ್ತಿಗೆ ಮುಗಿದುಹೋಗುತ್ತಿದ್ದಿತು. ಎಂಟು ವರ್ಷದ ಮಗು ತಾನಾಗಿಯೇ ಬೇಗ ಮಲಗಿ ಬೇಗ ಏಳುವ ಜೀವ. ಅದಕ್ಕೆ ಆರರ ಶಾಲೆ ಅಷ್ಟು ಭಾರವಲ್ಲ.

ಹದಿಮೂರರಿಂದ ಹದಿನೆಂಟರ ತನಕದ ಮಕ್ಕಳನ್ನು ಬೆಂಚಿನ ಮೇಲೆ ಕುಳ್ಳಿರಿಸುವ ವ್ಯವಸ್ಥೆ ನಮ್ಮ ಜಿಲ್ಲೆಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಾಸೆಲ್ ಮಿಶನಿನವರು ಮಂಗಳೂರಿಗೆ ೧೮೩೪ರಲ್ಲಿ ಬಂದರು. ಸಂತ ಅಲೋಶಿಯಸ್ ಕಾಲೇಜು ೧೮೮೦ರಲ್ಲಿ ಪ್ರಾರಂಭವಾಯಿತು. ೧೮೭೪ರಲ್ಲಿ ಬಂಟವಾಳದಲ್ಲಿ ಹುಟ್ಟಿ, ಮುಂದೆ ಉಪಾಧ್ಯಾಯರಾಗಿ ಮಕ್ಕಳಿಗಾಗಿಯೇ ಹಾಡು ಕತೆಗಳನ್ನು ಬರೆದು, ೧೯೩೪ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಪಂಜೆ ಮಂಗೇಶರಾಯರ ತಲೆಮಾರಿನವರಿಗೆ ಮೇಲಿನ ಓದು ಎಂದರೆ ಮಂಗಳೂರೇ. ಸ್ವಾತಂತ್ರ್ಯ ಬಂದ ಮೇಲೆ ಹೈಸ್ಕೂಲುಗಳು ಹೋಬಳಿ ಹೋಬಳಿಗೂ ಬಂದವು. ಇದು ನಮ್ಮ ನಾಡಿನ ಭಾಗ್ಯವೇ ಸರಿ. ಆದರೆ ಎಂಟು ವರ್ಷದ ಮಗುವಿಗೆ ಸಲ್ಲುತ್ತಿದ್ದ ಬೆಳಗಿನ ಕಟ್ಟಳೆಯನ್ನು ಹದಿನಾರರ ತರುಣನಿಗೂ ಹಾಗೆಯೇ ಹೊರಿಸಿದೆವು. ದೇಹ ನಡುವೆ ಬದಲಾದುದನ್ನು ಯಾರೂ ನೋಡಲಿಲ್ಲ.

ಗಂಟೆಯ ಮಾತು ಬಂದುದರಿಂದ ಗಡಿಯಾರದ ಕತೆಯನ್ನೂ ಹೇಳಬೇಕು. ನಮ್ಮ ಹಿರಿಯರ ದಿನಕ್ಕೆ ಅರುವತ್ತು ಗಳಿಗೆ, ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಎಣಿಕೆ ಸೂರ್ಯೋದಯದಿಂದ. ಆದುದರಿಂದ ಪ್ರತಿ ಊರಿನ ದಿನವೂ ಆ ಊರಿನ ಸೂರ್ಯನಿಂದಲೇ ಮೊದಲಾಗುತ್ತಿದ್ದಿತು. ಮುಂದೆ ರೈಲು ತಂತಿಗಳು ಬಂದಾಗ ಭಾರತದ ರೈಲುಗಳು ಮದರಾಸು ಕಾಲವನ್ನು ಅನುಸರಿಸಿದವು. ೧೯೦೬ನೆಯ ಇಸವಿ ಜನವರಿ ೧ರಿಂದ ಪೂರ್ವ ರೇಖಾಂಶ ಎಂಬತ್ತೆರಡೂವರೆಯನ್ನು ಆಧಾರವಾಗಿಟ್ಟುಕೊಂಡ ಭಾರತೀಯ ಶಿಷ್ಟಕಾಲವು ಆಚರಣೆಗೆ ಬಂದಿತು. ಮರುವರ್ಷ, ೧೯೦೭ರಲ್ಲಿ, ಮಂಗಳೂರಿಗೆ ರೈಲು ಮುಟ್ಟಿತು. ನಮ್ಮ ಮೂರು ತಾಲೂಕುಗಳು ಎಪ್ಪತ್ತೈದನೆಯ ರೇಖಾಂಶದ ಆಸುಪಾಸಿನಲ್ಲಿರುವುವು. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಏಳೂವರೆ ಅಂಶಕ್ಕೆ ಮೂವತ್ತು ನಿಮಿಷ. ಎಂದರೆ ಬಂಟವಾಳದ ಪೇಟೆಯಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ಆಕಾಶದ ಸೂರ್ಯನ ಲೆಕ್ಕಕ್ಕೆ ಇನ್ನೂ ಹನ್ನೊಂದೂವರೆ. ಜನವರಿಯ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಮೂರು ನಾಲ್ಕು ನಿಮಿಷವಿರುವಾಗ. ಕಲ್ಕತ್ತೆಯ ಸೂರ್ಯನು ನಮ್ಮ ಸೂರ್ಯನಿಗಿಂತ ಐವತ್ತಕ್ಕೂ ಹೆಚ್ಚು ನಿಮಿಷ ಮುಂದಿರುವನು. ಗಡಿಯಾರ ಮಾತ್ರ ಎರಡೂ ಊರಿಗೆ ಒಂದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಿಂದ ೧೯೪೫ರ ತನಕ, ಸರಕಾರವು ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಿತು. ಆ ವರ್ಷಗಳ ಜನವರಿಯಲ್ಲಿ ನಮ್ಮಲ್ಲಿ ಸೂರ್ಯೋದಯ ಎಂಟರ ಸಮೀಪ!

ಇದು ಬರಿಯ ಕುತೂಹಲದ ಸಂಗತಿಯಲ್ಲ. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಎಂಬವರು ಭಾರತದ ಅಂಕಿ ಅಂಶಗಳನ್ನು ಹಿಡಿದು, ಗಡಿಯಾರದ ಲೆಕ್ಕದಲ್ಲಿ ಸೂರ್ಯನು ತಡವಾಗಿ ಮುಳುಗುವೆಡೆಗಳ ಮಕ್ಕಳು ತಡವಾಗಿ ಮಲಗುವರೆಂದೂ, ಶಾಲೆಯ ಗಂಟೆ ಹಿಂದಕ್ಕೆ ಸರಿಯದೆ ಇರುವುದರಿಂದ ಅಷ್ಟು ನಿದ್ರೆ ಅವರಿಗೆ ಕಡಮೆಯಾಗುವುದೆಂದೂ ತೋರಿಸಿರುವರು. ಸೂರ್ಯಾಸ್ತವು ಒಂದು ಗಂಟೆ ತಡವಾದರೆ ನಿದ್ರೆ ಸುಮಾರು ಅರ್ಧ ಗಂಟೆ ಕುಗ್ಗುವುದಂತೆ; ಅದರ ಪರಿಣಾಮ ಓದಿನ ಮೇಲೆಯೂ ಕಾಣುವುದಂತೆ. ಪಡುಗಡಲ ಕರೆಯಲ್ಲಿರುವ ನಾವು ಈ ಮಾತನ್ನು ದೂರದವರ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ.

ಈಗ ದೇಹದ ವಿಚಾರ. ನಿದ್ರೆಯನ್ನು ಅಳೆದು ನೋಡುವ ಶಾಸ್ತ್ರವು ಎಳೆಯದು. ೧೯೩೮ರಲ್ಲಿ ನಥಾನಿಯಲ್ ಕ್ಲೈಟ್‌ಮನ್ ಎಂಬ ಪಂಡಿತನು ಅಮೆರಿಕದ ಮ್ಯಾಮತ್ ಗುಹೆಯ ಕತ್ತಲೆಯಲ್ಲಿ ಒಂದು ತಿಂಗಳಿದ್ದು ದೇಹದ ಲಯವನ್ನು ಪರೀಕ್ಷಿಸಿದನು. ಕತ್ತಲಾದಾಗ ಮಿದುಳಿನೊಳಗಿನ ಒಂದು ಸಣ್ಣ ಗ್ರಂಥಿಯಿಂದ ಒಸರುವ ಮೆಲಟೋನಿನ್ ಎಂಬ ದ್ರವ್ಯವು ೧೯೫೮ರಲ್ಲಿ ತಿಳಿದುಬಂತು. ಪ್ರಖರವಾದ ಬೆಳಕು ಆ ಒಸರನ್ನು ಮನುಷ್ಯನಲ್ಲಿಯೂ ತಡೆಯುವುದೆಂದು ೧೯೮೦ರಲ್ಲಿ ಸಿದ್ಧವಾಯಿತು. ಜೀವಕೋಶಗಳೊಳಗೆ ಇರುಳು ಹಗಲುಗಳನ್ನು ಎಣಿಸುವ ಗಡಿಯಾರದ ಕ್ರಮವನ್ನು ಕಂಡುಹಿಡಿದ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಮೇರಿ ಕಾರ್ಸ್‌ಕಡನ್ ಎಂಬ ವಿದುಷಿಯ ಕೆಲಸ. ಹರೆಯ ಬಂದಂತೆ ಮಕ್ಕಳ ಒಳಗಡಿಯಾರವು ತಡವಾದ ಕಡೆಗೆ ಸರಿಯುವುದೆಂದು ಆಕೆಯೂ ಜತೆಯವರೂ ೧೯೯೩ರಲ್ಲಿ ಪ್ರಕಟಿಸಿದರು. ಎಂಟಕ್ಕೆ ತೂಕಡಿಸುತ್ತಿದ್ದ ಮಗುವಿಗೆ ಹದಿನೈದರಲ್ಲಿ ಹತ್ತೂವರೆ ಹನ್ನೊಂದಾದರೂ ನಿದ್ರೆ ಬಾರದು. ಇದು ಹಟವಲ್ಲ, ಮೀಸೆ ಮೂಡುವುದು, ಧ್ವನಿ ಒಡೆಯುವುದು ಎಷ್ಟು ಸಹಜವೋ ಅಷ್ಟೇ ಸಹಜವಾದ ಬದಲಾವಣೆ.

ನಿದ್ರೆ ಬರುವ ಹೊತ್ತು ಸರಿಯಿತೇ ಹೊರತು ನಿದ್ರೆಯ ಅಗತ್ಯ ಕಡಮೆಯಾಗಲಿಲ್ಲ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಘವು ೨೦೧೬ರಲ್ಲಿ ನಿರ್ಣಯಿಸಿತು. ಹನ್ನೊಂದಕ್ಕೆ ಕಣ್ಣು ಮುಚ್ಚಿದ ಹುಡುಗಿಯನ್ನು ಐದಕ್ಕೆ ಎಬ್ಬಿಸಿದರೆ ಆರೇ ಗಂಟೆ. ದಿನಕ್ಕೆ ಎರಡು ಗಂಟೆಯ ಸಾಲವೆಂದರೂ ವಾರದ ಆರು ದಿನಕ್ಕೆ ಹನ್ನೆರಡು ಗಂಟೆ. ಒಂದೂವರೆ ರಾತ್ರಿಯ ನಿದ್ರೆಯೇ ಕಳೆದಂತೆ. ಆದಿತ್ಯವಾರ ಹತ್ತರ ತನಕ ಮಲಗಿರುವವಳನ್ನು ಬಯ್ಯುವವರು ಸಾಲ ತೀರಿಸುವವರನ್ನು ಬಯ್ದಂತಾಗುವುದು. ಹಗಲು ಕಲಿತುದು ಮಿದುಳಿನಲ್ಲಿ ನೆಲೆನಿಲ್ಲುವುದು ನಿದ್ರೆಯಲ್ಲಿ. ಇರುಳಿನ ಮೊದಲ ಗಾಢನಿದ್ರೆಯಲ್ಲಿಯೇ ಬೆಳವಣಿಗೆಯ ರಸವು ಹೆಚ್ಚಾಗಿ ಒಸರುವುದೆಂದು ೧೯೬೮ರಲ್ಲಿಯೇ ತಿಳಿದಿದೆ. ಕಡಮೆ ನಿದ್ರೆಯವರಲ್ಲಿ ಸಿಡುಕು, ಮಂಕು, ಮರೆವುಗಳು ಹೆಚ್ಚುವುದನ್ನು ಮನೆಯ ತಾಯಂದಿರೇ ಬಲ್ಲರು. ಹೀಗಿರಲು ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಗೆಟ್ಟು ಓದುವುದೆಂದರೆ, ಕಣಜದ ತಳಕ್ಕೆ ತೂತು ಮಾಡಿ ಮೇಲಿನಿಂದ ಭತ್ತ ಸುರಿದಂತೆ.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ತರುವರು: ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂದು ಶಾಸ್ತ್ರವೇ ಹೇಳುವುದಲ್ಲವೇ? ಹೇಳುವುದು ನಿಜ. ಅಷ್ಟಾಂಗಹೃದಯದ ದಿನಚರ್ಯೆ ಅದರಿಂದಲೇ ಮೊದಲಾಗುವುದು. ಆದರೆ ಆ ವಿಧಿಯನ್ನು ಪಾಲಿಸುತ್ತಿದ್ದವರ ಮನೆಯಲ್ಲಿ ರಾತ್ರಿಯ ದೀಪ ಎಷ್ಟು ಹೊತ್ತಿಗೆ ಸಣ್ಣದಾಗುತ್ತಿದ್ದಿತೆಂಬುದನ್ನು ಮೇಲೆಯೇ ನೋಡಿದೆವು. ಬೇಗ ಮಲಗುವುದು, ಬೇಗ ಏಳುವುದು ಎಂಬ ಎರಡು ಸಂಪ್ರದಾಯಗಳಲ್ಲಿ ನಾವು ಎರಡನೆಯದನ್ನು ಮಕ್ಕಳಿಗೆ ಉಳಿಸಿಕೊಟ್ಟು ಮೊದಲನೆಯದನ್ನು ಮಾರಿಕೊಂಡಿರುವೆವು. ಇನ್ನು ಚರಕಸಂಹಿತೆಯನ್ನು ನೋಡಿದರೆ, ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ದೇಹದ ಆಧಾರಸ್ತಂಭಗಳೆಂದು ಅದು ಎಣಿಸಿದೆ. ಜ್ಞಾನ ಅಜ್ಞಾನಗಳು ಕೂಡ ನಿದ್ರೆಯನ್ನು ಅವಲಂಬಿಸಿರುವುವೆಂದು ಸಾರಿದೆ. ಬೇಸಗೆಯ ಹೊರತು ಹಗಲು ನಿದ್ರೆಯನ್ನು ಸಾಮಾನ್ಯವಾಗಿ ನಿಷೇಧಿಸುವ ಅದೇ ಗ್ರಂಥವು ಯಾರು ಯಾವ ಋತುವಿನಲ್ಲಿಯೂ ಹಗಲು ಮಲಗಬಹುದೆಂದು ಹೇಳುವಾಗ ಬಾಲಕರನ್ನೂ, ಅಧ್ಯಯನದಿಂದ ಸೊರಗಿದವರನ್ನೂ ಹೆಸರಿಸಿರುವುದು. ಓದಿ ದಣಿದವನಿಗೆ ಚರಕನು ಕೊಟ್ಟ ಅಪ್ಪಣೆಯನ್ನು ನಾವು ಕೊಡದಿರುವುದು ಯಾವ ಶಾಸ್ತ್ರ?

ಇಂದಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡೋಣ. ಮೂಡಬಿದಿರೆ, ಉಜಿರೆಗಳು ಇಂದು ವಿದ್ಯಾರ್ಥಿನಿಲಯಗಳ ಊರುಗಳು. ನಾನಾ ಜಿಲ್ಲೆಗಳ ಮಕ್ಕಳು ಅಲ್ಲಿಗೆ ಬಂದು ಓದುವರು. ನೆರಿಯ, ಶಿಬಾಜೆ, ಚಾರ್ಮಾಡಿಗಳಂಥ ಘಟ್ಟದಡಿಯ ಗ್ರಾಮಗಳಿಂದ ಪೇಟೆಯ ಕಾಲೇಜಿಗೆ ಹೋಗುವವರು ಬಸ್ಸಿನ ಹೊತ್ತಿಗೆ ಏಳಬೇಕು. ಪ್ರೌಢಶಾಲೆಯ ಗಂಟೆ ಸಾಮಾನ್ಯವಾಗಿ ಒಂಬತ್ತೂವರೆ ಹತ್ತರ ಸುಮಾರಿಗೆ ಬಾರಿಸುವುದು, ಅದರಿಂದ ಅಪಾಯವಿಲ್ಲ. ಅಪಾಯವಿರುವುದು ಆ ಗಂಟೆಯ ಆಚೆ ಈಚೆ: ಬೆಳಗಿನ ಜಾವದ ಟ್ಯೂಷನ್ನು, ವಿಶೇಷ ತರಗತಿ, ಪ್ರವೇಶಪರೀಕ್ಷೆಗಳ ಅಭ್ಯಾಸ, ರಾತ್ರಿ ಹಾಸಿಗೆಯೊಳಗೇ ಬೆಳಗುವ ಮೊಬೈಲು. ಎಣ್ಣೆಯ ಬೆಲೆಯೆಂಬ ಕಾವಲುಗಾರನು ಹೋದನು. ಅವನ ಜಾಗದಲ್ಲಿ ಬೇರೊಬ್ಬನನ್ನು ನಾವು ನಿಲ್ಲಿಸಲಿಲ್ಲ. ಪತ್ತನಾಜೆಯಿಲ್ಲದ ಜಾಗರಣೆ ಎಂದರೆ ಇದೇ.

ಹೊರಗಿನ ದೇಶಗಳು ಈ ತೊಡಕನ್ನು ಕಂಡು ಕೆಲಸಕ್ಕೆ ತೊಡಗಿವೆ. ಅಮೆರಿಕದ ಮಿನೆಸೋಟ ಸಂಸ್ಥಾನದ ಎಡೈನ ಎಂಬ ಊರಿನವರು ೧೯೯೬ರಲ್ಲಿ ಹೈಸ್ಕೂಲನ್ನು ಏಳು ಇಪ್ಪತ್ತರಿಂದ ಎಂಟೂವರೆಗೆ ಸರಿಸಿದರು. ಆ ದೇಶದ ಮಕ್ಕಳ ವೈದ್ಯರ ಸಂಘವು ೨೦೧೪ರಲ್ಲಿ ಎಂಟೂವರೆಗೆ ಮೊದಲು ಶಾಲೆ ಬೇಡವೆಂದಿತು. ಕ್ಯಾಲಿಫೋರ್ನಿಯ ಸಂಸ್ಥಾನವು ೨೦೧೯ರಲ್ಲಿ ಶಾಸನವನ್ನೇ ಮಾಡಿ ೨೦೨೨ರಿಂದ ಜಾರಿಗೆ ತಂದಿತು. ನಮ್ಮ ನೆರೆಯ ಮಹಾರಾಷ್ಟ್ರ ಸರಕಾರವು ೨೦೨೪ರಲ್ಲಿ ನಾಲ್ಕನೆಯ ತರಗತಿಯ ತನಕದ ಶಾಲೆಗಳು ಒಂಬತ್ತಕ್ಕೆ ಮೊದಲು ತೆರೆಯಬಾರದೆಂದು ಆಜ್ಞೆಯಿತ್ತಿತು. ಉದ್ದೇಶ ಒಳ್ಳೆಯದು, ಆದರೆ ಬೆಳಗಿನ ನಿದ್ರೆ ಹೆಚ್ಚು ಬೇಕಾದ ವಯಸ್ಸು ನಾಲ್ಕನೆಯ ತರಗತಿಯದಲ್ಲ, ಹತ್ತನೆಯದು.

ನಮ್ಮ ಮನೆಗಳು ಸರಕಾರದ ಆಜ್ಞೆಗೆ ಕಾಯಬೇಕಾಗಿಲ್ಲ. ಗೊತ್ತಾದ ಹೊತ್ತಿಗೆ ದೀಪವನ್ನು ತಗ್ಗಿಸಿ, ಹಿರಿಯರ ಮೊಬೈಲೂ ಕಿರಿಯರ ಮೊಬೈಲೂ ಚಾವಡಿಯಲ್ಲಿಯೇ ಮಲಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಸೂರ್ಯ ಹುಟ್ಟುವ ಮೊದಲಿನ ಪಾಠಕ್ಕೆ ಮಕ್ಕಳನ್ನು ಕಳುಹಿಸುವ ಮುನ್ನ, ನಮ್ಮ ಊರಿನ ಸೂರ್ಯನು ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿರುವನೆಂಬುದನ್ನು ನೆನೆಯಬಹುದು. ಊರಿಗೆ ಆಟ ಬಂದ ದಿನ ಹೋಗಿ ನೋಡಲಿ. ಮರುದಿನ ಮಧ್ಯಾಹ್ನ ಒರಗಲಿ. ಮಧ್ಯರಾತ್ರಿಗೆ ಮಂಗಳ ಹಾಡುವ ಕಾಲಮಿತಿಯ ಆಟಗಳೂ ಈಚೆಗೆ ರೂಢಿಗೆ ಬಂದಿರುವುವು. ಅದರಿಂದ ಕಲೆಗೆ ಲಾಭವೋ ನಷ್ಟವೋ ಎಂಬುದು ರಸಿಕರ ಚರ್ಚೆಗೆ ಬಿಟ್ಟ ವಿಷಯ. ಮೇಳದವರು ಗೆಜ್ಜೆ ಬಿಚ್ಚುವ ದಿನವನ್ನು ನಮ್ಮ ಹಿರಿಯರು ಮರೆಯದೆ ಗೊತ್ತುಮಾಡಿದ್ದರು. ಅದೇ ವಿವೇಕದಿಂದ ನಮ್ಮ ಮಕ್ಕಳು ಪುಸ್ತಕ ಮುಚ್ಚುವ ಹೊತ್ತನ್ನು ನಾವು ಗೊತ್ತುಮಾಡಿದರೆ, ಅವರು ಬೆಳಗ್ಗೆ ಯಾರೂ ಎಬ್ಬಿಸದೆ ಏಳುವ ದಿನ ಬಂದೀತು.